ಅನ್ಯಕಥಾನುಸರಣದಲ್ಲಿ ಪಾತ್ರಗಳ ಭಾಷಾಭೇದ

ಒಬ್ಬ ಕವಿಯು ಹೇಳಿದ ಕಥೆಯನ್ನು ಮತ್ತೊಬ್ಬ ಕವಿಯು ಕೈಗೊಂಡು, ಅದೇ ಪಾತ್ರಗಳನ್ನು ಇಟ್ಟುಕೊಂಡು, ಇಲ್ಲದ ಸಂಧಿಗಳನ್ನು ಕಲ್ಪಿಸಿ, ಇದ್ದವುಗಳನ್ನು ಬೆಳೆಯಿಸಿ ಬರೆಯುವ ಸಂಪ್ರದಾಯವು ಭರತಖಂಡದಲ್ಲಿ ಅತಿ ಪ್ರಾಚೀನವಾದುದು. ಕನ್ನಡ ಕಾವ್ಯಗಳಲ್ಲಿ ಬಹುಭಾಗವು ಈ ಬಗೆಯದೇ ಆಗಿದೆ. ಇಂತಹ ಅನುಸರಣದಲ್ಲಿ ಕವಿಗೆ ಎದುರಾಗುವ ತೊಡಕುಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ವಿದ್ವಾಂಸರು ಅಷ್ಟಾಗಿ ವಿಚಾರಿಸಿಲ್ಲ. ಕಥೆಯೊಳಗಿನ ಪಾತ್ರಗಳು ಬೇರೆ ಬೇರೆ ದೇಶದವರೂ ಬೇರೆ ಬೇರೆ ನುಡಿಯವರೂ ಆಗಿದ್ದಾಗ, ಅವರು ಒಬ್ಬರೊಡನೊಬ್ಬರು ಯಾವ ಭಾಷೆಯಲ್ಲಿ ಮಾತನಾಡಿದರು, ಒಬ್ಬರ ಮಾತು ಮತ್ತೊಬ್ಬರಿಗೆ ಹೇಗೆ ತಿಳಿಯಿತು ಎಂಬುದೇ ಆ ತೊಡಕು. ಮೂಲದ ಕವಿಯು ಈ ಪ್ರಶ್ನೆಯನ್ನು ಎತ್ತದೆ ಸುಮ್ಮನೆ ದಾಟಿಹೋಗಿರಬಹುದು. ಅನುಸರಿಸುವವನು ಅದೇ ಎಡೆಯಲ್ಲಿ ನಿಂತು ಯೋಚಿಸಬೇಕಾಗುವುದು. ಈ ಪ್ರಶ್ನೆಗೆ ಪ್ರಾಚೀನರು ಕೊಟ್ಟ ಉತ್ತರಗಳನ್ನೂ, ಅವುಗಳಲ್ಲಿ ಕನ್ನಡಕ್ಕೆ ಸಂಬಂಧಪಟ್ಟ ಎರಡು ವಿಶೇಷ ಪ್ರಸಂಗಗಳನ್ನೂ ಕ್ರಮವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಶಾಸ್ತ್ರದ ಮರ್ಯಾದೆ

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಭಾಷಾವಿಧಾನಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಉತ್ತಮ ಪುರುಷರಿಗೆ ಸಂಸ್ಕೃತವೂ, ಸ್ತ್ರೀಯರಿಗೂ ಪರಿಜನರಿಗೂ ಪ್ರಾಕೃತಭೇದಗಳೂ ವಿಧಿಸಲ್ಪಟ್ಟಿವೆ. ಮಾಗಧಿ, ಆವಂತಿ, ಪ್ರಾಚ್ಯ, ಶೌರಸೇನಿ, ಅರ್ಧಮಾಗಧಿ, ಬಾಹ್ಲೀಕ, ದಾಕ್ಷಿಣಾತ್ಯ ಎಂದು ಭಾಷೆಗಳು ಏಳು. ಶಬರ, ಆಭೀರ ಮೊದಲಾದವರ ನುಡಿಗಳು ವಿಭಾಷೆಗಳೆನಿಸುವುವು. ಇಷ್ಟು ಹೇಳಿದ ಮುನಿಯು ಮುಂದೆ ಇನ್ನೊಂದು ಮಾತನ್ನು ಸೇರಿಸಿರುವನು. ಬರ್ಬರ, ಕಿರಾತ, ಆಂಧ್ರ, ದ್ರಮಿಳ ಮೊದಲಾದ ಜನಗಳು ರಂಗದ ಮೇಲೆ ಬಂದಾಗ ಅವರ ಸ್ವಂತ ಭಾಷೆಯಲ್ಲಿ ಕಾವ್ಯವನ್ನು ರಚಿಸಕೂಡದು; ಅವರಿಗೆ ಶೌರಸೇನಿಯನ್ನು ಕೊಡಬೇಕು; ಪ್ರಯೋಗ ಮಾಡುವವರು ಇಚ್ಛಿಸಿದಲ್ಲಿ ದೇಶಭಾಷೆಗಳನ್ನೂ ಬಳಸಬಹುದು ಎಂಬುದೇ ಆ ಮಾತು.

ಈ ವಿಧಿಯ ತಾತ್ಪರ್ಯವನ್ನು ಗಮನಿಸಬೇಕು. ದ್ರಮಿಳನಿಗೆ ಸ್ವಭಾಷೆ ಇಲ್ಲವೆಂದಾಗಲಿ, ಅದು ಹೀನವೆಂದಾಗಲಿ ಇಲ್ಲಿ ಹೇಳಿಲ್ಲ. ನೋಡುವ ಸಭೆಗೆ ತಿಳಿಯದ ಮಾತಿನಿಂದ ರಸವು ಹುಟ್ಟಲಾರದೆಂಬುದೇ ಇಲ್ಲಿನ ಯುಕ್ತಿ. ಪಾತ್ರವು ಆಡುವ ಭಾಷೆ ಬೇರೆ, ಕವಿಯು ಸಭೆಗೆ ಕೇಳಿಸುವ ಭಾಷೆ ಬೇರೆ ಎಂಬ ವಿವೇಕವು ಈ ವಿಧಿಯಲ್ಲಿ ಗರ್ಭಿತವಾಗಿದೆ. ಇದನ್ನು ಕವಿಸಮಯವೆಂದು ಕರೆಯುವುದಕ್ಕೆ ಅಡ್ಡಿಯಿಲ್ಲ. ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುವುದನ್ನು ಓದುಗನು ಹೇಗೆ ಒಪ್ಪಿಕೊಳ್ಳುವನೋ, ಹಾಗೆಯೇ ಕಿರಾತನು ಶೌರಸೇನಿಯನ್ನಾಡುವುದನ್ನೂ ಒಪ್ಪಿಕೊಳ್ಳುವನು.

೨. ಇತಿಹಾಸಗಳಲ್ಲಿ ಭಾಷೆಯ ಅರಿವು

ಆದರೆ ಎಲ್ಲ ಕಡೆಯೂ ಸಮಯವೊಂದೇ ಸಾಲದು. ಭಾಷಾಭೇದವೇ ಕಥೆಯ ಕೀಲಾಗಿರುವ ಸನ್ನಿವೇಶಗಳೂ ಉಂಟು. ಮಹಾಭಾರತದ ಆದಿಪರ್ವದಲ್ಲಿ ಪಾಂಡವರು ವಾರಣಾವತಕ್ಕೆ ಹೊರಟಾಗ ವಿದುರನು ಯುಧಿಷ್ಠಿರನೊಬ್ಬನಿಗೇ ತಿಳಿಯುವಂತೆ ಅರಗಿನ ಮನೆಯ ಅಪಾಯವನ್ನು ಸೂಚಿಸುವನು. ಸುತ್ತಲಿದ್ದವರು ಮಾತನ್ನು ಕೇಳಿದರು, ಅರ್ಥವನ್ನು ಅರಿಯಲಿಲ್ಲ. ಆಮೇಲೆ ಕುಂತಿಯು, ಅವನು ಏನು ಹೇಳಿದನು, ನೀನೇಕೆ ಹಾಗೆಯೇ ಆಗಲೆಂದೆ ಎಂದು ಮಗನನ್ನು ಕೇಳುವಳು. ಅವನು ವಿವರಿಸಿದ ಮೇಲೆ ಓದುಗನಿಗೂ ಸಂಗತಿಯು ಸ್ಪಷ್ಟವಾಗುವುದು. ಈ ಸಂಭಾಷಣೆಯು ಮ್ಲೇಚ್ಛಭಾಷೆಯಲ್ಲಿ ನಡೆಯಿತೆಂದು ಪರ್ವಸಂಗ್ರಹದಲ್ಲಿಯೂ, ಸುರಂಗವನ್ನು ತೋಡಲು ಬಂದ ಖನಕನ ಬಾಯಲ್ಲಿಯೂ ಉಕ್ತವಾಗಿದೆ. ಮಹರ್ಷಿಯು ಆ ಮ್ಲೇಚ್ಛಭಾಷೆಯ ಒಂದು ಶಬ್ದವನ್ನೂ ಕೊಟ್ಟಿಲ್ಲ. ಮಾತು ಅನ್ಯಭಾಷೆಯದೆಂದು ಹೇಳಿ, ಅದನ್ನು ಅರಿಯದವರ ಪ್ರಶ್ನೆಯನ್ನು ಇಟ್ಟು, ಉತ್ತರದ ಮೂಲಕ ಅರ್ಥವನ್ನು ಕಾಣಿಸಿದ್ದಾನೆ. ಅನ್ಯಭಾಷೆಯನ್ನು ಸೂಚಿಸುವುದಕ್ಕೆ ಆ ಭಾಷೆಯನ್ನೇ ಬರೆಯಬೇಕಾಗಿಲ್ಲ, ಅದು ತಿಳಿಯದವನ ಮುಖವನ್ನು ತೋರಿಸಿದರೆ ಸಾಕು ಎಂಬುದು ಇದರಿಂದ ಸಿದ್ಧವಾಗುತ್ತದೆ.

ರಾಮಾಯಣದ ಸುಂದರಕಾಂಡದಲ್ಲಿರುವ ಪ್ರಸಂಗವು ಇದಕ್ಕಿಂತ ಸೂಕ್ಷ್ಮವಾದುದು. ಅಶೋಕವನದಲ್ಲಿ ಮರದ ಮೇಲೆ ಅಡಗಿರುವ ಹನುಮಂತನು ಸೀತೆಯೊಡನೆ ಯಾವ ಭಾಷೆಯಲ್ಲಿ ಮಾತನಾಡಲಿ ಎಂದು ಆಲೋಚಿಸುವನು. ದ್ವಿಜನಂತೆ ಸಂಸ್ಕೃತವನ್ನಾಡಿದರೆ ಆಕೆಯು ತನ್ನನ್ನು ರಾವಣನೆಂದು ಶಂಕಿಸಿ ಹೆದರುವಳು. ಆದುದರಿಂದ ಅರ್ಥವತ್ತಾದ ಮಾನುಷವಾಕ್ಯವನ್ನೇ ಆಡಬೇಕೆಂದು ನಿಶ್ಚಯಿಸುವನು. ಇಲ್ಲಿ ತೊಡಕು ತಿಳಿಯದಿರುವುದರದಲ್ಲ. ಸಂಸ್ಕೃತವು ಸೀತೆಗೆ ತಿಳಿಯದ ಭಾಷೆಯೇನೂ ಅಲ್ಲ. ಯಾವ ಬಾಯಿಂದ ಯಾವ ಭಾಷೆ ಹೊರಟರೆ ಕೇಳುವವರ ಮನಸ್ಸಿನಲ್ಲಿ ಭಯ ಹುಟ್ಟುವುದು, ಯಾವುದರಿಂದ ನಂಬಿಕೆ ಹುಟ್ಟುವುದು ಎಂಬುದೇ ವಿಚಾರ. ಭಾಷೆಯು ಅರ್ಥವನ್ನು ಮಾತ್ರವಲ್ಲದೆ ಆಡುವವನ ಕುಲಶೀಲಗಳನ್ನೂ ಹೊತ್ತು ತರುವುದೆಂಬ ತತ್ತ್ವವನ್ನು ಆದಿಕವಿಯು ಇಷ್ಟು ಚೆನ್ನಾಗಿ ಅರಿತಿದ್ದನು. ಸೆರೆಯಲ್ಲಿರುವ ಒಬ್ಬ ಸ್ತ್ರೀಯ ಪ್ರಾಣವು ಆ ಭಾಷೆಯ ಆಯ್ಕೆಯ ಮೇಲೆ ನಿಂತಿದ್ದಿತು.

ಇದೇ ಕಥೆಯನ್ನು ಜೈನ ಸಂಪ್ರದಾಯದ ಕವಿಗಳು ಕೈಗೊಂಡಾಗ ಪ್ರಶ್ನೆಯ ಬೇರೇ ಕಡಿದುಹೋಯಿತು. ವಿಮಲಸೂರಿಯ ಮಾರ್ಗವನ್ನು ಹಿಡಿದ ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ವಾನರರು ಕಪಿಗಳಲ್ಲ. ವಾನರಧ್ವಜವನ್ನು ಹೊಂದಿದ ವಿದ್ಯಾಧರರು. ಕಪಿಯು ಮನುಷ್ಯಭಾಷೆಯನ್ನು ಹೇಗೆ ಆಡಿತು ಎಂದು ಕೇಳುವುದಕ್ಕೆ ಅಲ್ಲಿ ಅವಕಾಶವೇ ಇಲ್ಲ. ಪಾತ್ರದ ಸ್ವರೂಪವನ್ನೇ ಬದಲಾಯಿಸಿ ತೊಡಕನ್ನು ನಿವಾರಿಸುವುದೂ ಅನುಸರಣದ ಒಂದು ಮಾರ್ಗ. ಆದರೆ ಅದಕ್ಕೆ ತೆರುವ ಬೆಲೆಯೂ ಉಂಟು. ಮರದ ಮೇಲೆ ಕುಳಿತು ತನ್ನ ನಾಲಗೆಗೆ ತಾನೇ ಅಂಜಿದ ಆ ದೂತನ ತಳಮಳಕ್ಕೆ ಅಲ್ಲಿ ಆಧಾರವು ಉಳಿಯುವುದಿಲ್ಲ.

೩. ಭಾರವಿಯ ಕಿರಾತ

ಕ್ರಿ. ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನೊಡನೆ ಭಾರವಿಯ ಹೆಸರನ್ನೂ ಹೇಳಿರುವುದು ಪ್ರಸಿದ್ಧವಾಗಿದೆ. ಗಂಗರ ದುರ್ವಿನೀತನು ಕಿರಾತಾರ್ಜುನೀಯದ 15ನೆಯ ಸರ್ಗಕ್ಕೆ ಟೀಕೆಯನ್ನು ಬರೆದನೆಂದು ಆ ವಂಶದ ತಾಮ್ರಶಾಸನಗಳು ಹೇಳುತ್ತವೆ. ಕರ್ಣಾಟದಲ್ಲಿ ಇಷ್ಟು ಮನ್ನಣೆ ಪಡೆದ ಈ ಕಾವ್ಯವು ಮಹಾಭಾರತದ ವನಪರ್ವದ ಒಂದು ಸಣ್ಣ ಉಪಾಖ್ಯಾನವನ್ನು 18 ಸರ್ಗಗಳಿಗೆ ಬೆಳೆಯಿಸಿದ ಅನುಸರಣವೇ ಆಗಿದೆ.

ಭಾರವಿಯು ಕಿರಾತಸೇನಾಪತಿಯ ದೂತನೊಬ್ಬನನ್ನು ಅರ್ಜುನನ ಬಳಿಗೆ ಕಳುಹಿಸಿ, ಅವನ ಬಾಯಲ್ಲಿ ನೀತಿಯುಕ್ತವಾದ ದೀರ್ಘಭಾಷಣವನ್ನು ಇಟ್ಟಿರುವನು. ಅಡವಿಯ ಬೇಟೆಗಾರನಿಗೆ ಇಷ್ಟು ಸಂಸ್ಕಾರವುಳ್ಳ ಮಾತು ಎಲ್ಲಿಂದ ಬಂದಿತು? ಸಾಮಾನ್ಯ ಕವಿಯಾಗಿದ್ದರೆ ಇದು ಔಚಿತ್ಯಭಂಗವಾಗುತ್ತಿತ್ತು. ಭಾರವಿಯು 14ನೆಯ ಸರ್ಗದ ಆರಂಭದಲ್ಲಿಯೇ ಓದುಗನ ಸಂಶಯವನ್ನು ಅರ್ಜುನನ ಬಾಯಲ್ಲಿ ಹೇಳಿಸಿಬಿಡುವನು. ವರ್ಣಗಳ ಸ್ಪಷ್ಟತೆಯನ್ನೂ ಅರ್ಥದ ಗಾಂಭೀರ್ಯವನ್ನೂ ಹೊಗಳಿ, ವನಚರನಾಗಿದ್ದರೂ ನೀನು ವಾಗ್ಮಿಗಳ ಸಾಲಿನ ಮೊದಲಲ್ಲಿ ನಿಂತೆ ಎಂಬರ್ಥದ ಮಾತನ್ನು ಅವನು ಆಡುವನು. ಅಸಂಭಾವ್ಯವಾದುದನ್ನು ಪಾತ್ರವೇ ಗಮನಿಸಿತೆಂದರೆ ಓದುಗನು ಅದನ್ನು ದೋಷವೆಂದು ಎಣಿಸನು. ಅದಲ್ಲದೆ ಆ ಕಿರಾತಸೇನಾಪತಿಯು ಸಾಕ್ಷಾತ್ ಶಿವನೆಂಬ ರಹಸ್ಯಕ್ಕೆ ಈ ಆಶ್ಚರ್ಯವು ಮುನ್ಸೂಚನೆಯೂ ಆಗುವುದು. ತೊಡಕನ್ನು ಮುಚ್ಚದೆ ಅದನ್ನೇ ಗುಣವಾಗಿ ತಿರುಗಿಸುವ ಈ ಕೌಶಲವು ಅನುಸರಿಸಿ ಬರೆಯುವವರೆಲ್ಲರೂ ಮನನ ಮಾಡತಕ್ಕದ್ದು.

೪. ಮೃಚ್ಛಕಟಿಕದ ಕರ್ಣಾಟಕಲಹ

ಕನ್ನಡಕ್ಕೆ ನೇರವಾಗಿ ಸಂಬಂಧಪಟ್ಟ ಮೊದಲನೆಯ ಪ್ರಸಂಗವು ಶೂದ್ರಕನ ಮೃಚ್ಛಕಟಿಕದಲ್ಲಿದೆ. 1912ರಿಂದ ಮೊದಲ್ಗೊಂಡು ತಿರುವನಂತಪುರದಲ್ಲಿ ಟಿ. ಗಣಪತಿಶಾಸ್ತ್ರಿಗಳು ಬೆಳಕಿಗೆ ತಂದ ಭಾಸನಾಟಕಚಕ್ರದಲ್ಲಿ ಚಾರುದತ್ತವೆಂಬ ನಾಲ್ಕು ಅಂಕಗಳ ನಾಟಕವೊಂದಿದೆ. ಮೃಚ್ಛಕಟಿಕದ ಮೊದಲ ನಾಲ್ಕು ಅಂಕಗಳು ಅದಕ್ಕೆ ಬಹುಮಟ್ಟಿಗೆ ಸಮಾನವಾಗಿವೆ. ಶೂದ್ರಕನೇ ಆ ನಾಟಕವನ್ನು ಹಿಡಿದು ಮುಂದಕ್ಕೆ ಬೆಳೆಯಿಸಿದನೆಂಬುದು ಬಹುಮಂದಿ ವಿದ್ವಾಂಸರ ಮತ. ಹಾಗಾದರೆ ಆರನೆಯ ಅಂಕದ ಸಂಗತಿಯು ಅನುಸರಿಸಿದ ಕವಿಯ ಸ್ವಂತ ಕಲ್ಪನೆಯಾಗುತ್ತದೆ.

ಆ ಅಂಕದಲ್ಲಿ ಸೆರೆಯಿಂದ ತಪ್ಪಿಸಿಕೊಂಡ ಆರ್ಯಕನು ವಸಂತಸೇನೆಗಾಗಿ ನಿಂತಿದ್ದ ಬಂಡಿಯನ್ನು ಹತ್ತಿರುವನು. ವೀರಕ, ಚಂದನಕರೆಂಬ ಇಬ್ಬರು ನಗರರಕ್ಷಕರು ಬಂಡಿಯನ್ನು ತಡೆಯುವರು. ಚಂದನಕನು ಒಳಗೆ ಇಣಿಕಿ ನೋಡಿ, ಶರಣುಬಂದ ಆರ್ಯಕನಿಗೆ ಅಭಯವನ್ನು ಕೊಡುವನು. ಹೊರಗೆ ಬಂದು ಹೇಳುವಾಗ ಬಾಯಿ ತಪ್ಪಿ ಪುಲ್ಲಿಂಗದ ಶಬ್ದವನ್ನು ಆಡಿ, ಒಡನೆಯೇ ಸ್ತ್ರೀಲಿಂಗಕ್ಕೆ ತಿದ್ದಿಕೊಳ್ಳುವನು. ವೀರಕನಿಗೆ ಸಂದೇಹ ಹುಟ್ಟುವುದು. ಆಗ ಚಂದನಕನು, ತಾವು ದಕ್ಷಿಣದವರು, ಅಸ್ಪಷ್ಟವಾಗಿ ಮಾತನಾಡುವವರು, ಅನೇಕ ದೇಶಭಾಷೆಗಳನ್ನು ಬಲ್ಲವರಾದುದರಿಂದ ಲಿಂಗವನ್ನು ಇಷ್ಟಬಂದಂತೆ ಬಳಸುವೆವು ಎಂದು ನೆಪವನ್ನು ಹೇಳುವನು. ಅವನು ಎಣಿಸುವ ಜನಗಳ ಪಟ್ಟಿಯಲ್ಲಿ ಕರ್ಣಾಟ, ದ್ರವಿಡ, ಚೋಳರ ಹೆಸರುಗಳು ಸೇರಿವೆ. ಅದರಿಂದಲೂ ಸಂದೇಹವು ತೀರದಿರಲು, ಕರ್ಣಾಟರ ರೀತಿಯ ಕಲಹವನ್ನು ಹೂಡುವೆನೆಂದು ತನ್ನಲ್ಲಿಯೇ ಹೇಳಿಕೊಂಡು ಜಗಳವನ್ನು ತೆಗೆಯುವನು. ಆ ಗದ್ದಲದಲ್ಲಿ ಬಂಡಿಯು ದಾಟಿಹೋಗುವುದು.

ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದು. ಸಂಸ್ಕೃತಪ್ರಾಕೃತಗಳಲ್ಲಿ ಅದು ಶಬ್ದವನ್ನು ಅನುಸರಿಸುವುದು. ಹೆಂಡತಿಯೆಂಬ ಒಂದೇ ಅರ್ಥದಲ್ಲಿ ದಾರ ಶಬ್ದವು ಪುಲ್ಲಿಂಗ, ಪತ್ನೀ ಶಬ್ದವು ಸ್ತ್ರೀಲಿಂಗ, ಕಲತ್ರ ಶಬ್ದವು ನಪುಂಸಕ. ದಕ್ಷಿಣದವನು ಉತ್ತರದ ಮಾತನ್ನಾಡುವಾಗ ಲಿಂಗದಲ್ಲಿ ಎಡವುವುದು ಲೋಕದಲ್ಲಿ ಕಂಡ ಸಂಗತಿ. ಚಂದನಕನ ನೆಪವು ಸುಳ್ಳಾದರೂ ನಿಜವಾದ ಭಾಷಾಸ್ವಭಾವದ ಮೇಲೆ ನಿಂತಿದೆ. ಎರಡನೆಯದಾಗಿ, ದಾಕ್ಷಿಣಾತ್ಯನೆಂದು ಹೇಳಿಕೊಳ್ಳುವ ಈ ಪಾತ್ರದ ಮಾತುಗಳು ಆವಂತಿ ಪ್ರಾಕೃತದಲ್ಲಿವೆಯೆಂದು ಟೀಕಾಕಾರನಾದ ಪೃಥ್ವೀಧರನು ಹೇಳುವನು. ಕವಿಯು ಕನ್ನಡವನ್ನು ಹೆಸರಿಸಿದನೇ ಹೊರತು ಕೇಳಿಸಲಿಲ್ಲ. ಭರತನ ಮರ್ಯಾದೆಯನ್ನು ಮೀರಲಿಲ್ಲ. ಮೂರನೆಯದೇ ಮುಖ್ಯವಾದುದು. ಕರ್ಣಾಟರು ಜಗಳಗಂಟರೆಂಬ ಪರಿಹಾಸವು ಇಲ್ಲಿದ್ದರೂ, ಆ ಪರಿಹಾಸದ ಮರೆಯಲ್ಲಿ ಶರಣಾಗತನ ಪ್ರಾಣವು ಉಳಿಯಿತು. ನಗೆಗೆ ಗುರಿಯಾದ ನುಡಿಯೇ ಧರ್ಮದ ಕೆಲಸವನ್ನು ಮಾಡಿತು.

೫. ಈಜಿಪ್ಟಿನ ಪ್ರಹಸನ

ಎರಡನೆಯ ಪ್ರಸಂಗವು ಭರತಖಂಡದ ಹೊರಗಿನದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಪಪೈರಸ್ ಪತ್ರಗಳಲ್ಲಿ 413ನೆಯದು ಒಂದು ಗ್ರೀಕ್ ಪ್ರಹಸನ. ಗ್ರೆನ್‌ಫೆಲ್, ಹಂಟ್ ಎಂಬ ವಿದ್ವಾಂಸರು ಇದನ್ನು 1903ರಲ್ಲಿ ಪ್ರಕಟಿಸಿದರು. ಪತ್ರವು ಕ್ರಿ. ಶ. ಎರಡನೆಯ ಶತಮಾನದ್ದೆಂದು ಎಣಿಕೆ. ಖರಿಟಿಯಾನ್ ಎಂಬ ಗ್ರೀಕ್ ತರುಣಿಯು ಹಿಂದೂದೇಶದ ಕರಾವಳಿಯ ದೇವಾಲಯವೊಂದರಲ್ಲಿ ಸೆರೆಯಾಗಿರುವಳು. ಆಕೆಯ ಅಣ್ಣನೂ ಹಡಗಿನ ನಾಯಕನೂ ಒಬ್ಬ ವಿದೂಷಕನೂ ಬಂದು, ಅಲ್ಲಿಯ ದೊರೆಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಕುಡಿಯಿಸಿ ಆಕೆಯನ್ನು ಬಿಡಿಸಿಕೊಂಡು ಹೋಗುವರು.

ಈ ಕಥೆಯು ಯೂರಿಪಿಡೀಸನು ಸುಮಾರು ಕ್ರಿ. ಪೂ. 414ರಲ್ಲಿ ರಚಿಸಿದ, ಟಾರಿಸ್ ದೇಶದಲ್ಲಿ ಇಫಿಜೀನಿಯಾ ಎಂಬ ನಾಟಕದ ಹಾಸ್ಯಾನುಸರಣವೆಂಬುದನ್ನು ವಿದ್ವಾಂಸರು ಗುರುತಿಸಿರುವರು. ಅಲ್ಲಿಯೂ ಪರದೇಶದ ದೇವಾಲಯದಲ್ಲಿ ಸಿಲುಕಿದ ಸೋದರಿ, ಬಿಡಿಸಲು ಬರುವ ಸೋದರ, ಮೋಸಹೋಗುವ ದೊರೆ, ಹಡಗಿನಲ್ಲಿ ಪಲಾಯನ. ಆದರೆ ಯೂರಿಪಿಡೀಸನಲ್ಲಿ ಆ ಅನ್ಯದೇಶದ ದೊರೆಯು ಸ್ವಚ್ಛವಾದ ಗ್ರೀಕ್ ಭಾಷೆಯನ್ನೇ ಆಡುವನು. ಹೆಸರಿಲ್ಲದ ಪ್ರಹಸನಕಾರನು ಮೂಲದಲ್ಲಿ ಎತ್ತದೆ ಬಿಟ್ಟ ಪ್ರಶ್ನೆಯನ್ನು ಎತ್ತಿಕೊಂಡನು. ಅವನ ಹಿಂದೂ ದೊರೆಯೂ ಪರಿವಾರವೂ ಗ್ರೀಕರಿಗೆ ತಿಳಿಯದ ಯಾವುದೋ ಭಾಷೆಯನ್ನು ಆಡುವರು. ಒಂದೆಡೆಯಲ್ಲಿ ಇವರು ಹೇಳುವುದೇನೆಂದು ಒಬ್ಬನು ಕೇಳಲು, ಪಾಲುಗಳಿಗಾಗಿ ಚೀಟಿ ಹಾಕೋಣವೆನ್ನುತ್ತಾರೆ ಎಂದು ಮತ್ತೊಬ್ಬನು ಅರ್ಥವನ್ನು ಹೇಳುವನು. ಹೀಗೆ ದ್ವಿಭಾಷಿಯ ಮೂಲಕ ಸಭೆಗೆ ಸಂಗತಿ ತಿಳಿಯುವುದು. ಕಡೆಗೆ ಕುಡಿದು ನರ್ತಿಸುವ ದೊರೆಯ ಬಾಯಲ್ಲಿ ಚಂದ್ರದೇವತೆಯನ್ನು ಕುರಿತ ಗ್ರೀಕ್ ಪದ್ಯವೂ ಬರುವುದು. ಹಾಡಿಗೆ ಅರ್ಥ ಬೇಕಾದಲ್ಲಿ ಕವಿಯು ಭಾಷೆಯ ನಿರ್ಬಂಧವನ್ನು ಸಡಿಲಿಸಿರುವನು.

ಈ ಅನ್ಯಭಾಷೆಯು ಕನ್ನಡವೆಂದು ಜರ್ಮನ್ ವಿದ್ವಾಂಸರೂ ಶಾಸನತಜ್ಞರೂ ಆದ ಹುಲ್ಟ್ಷ್ 1904ರಲ್ಲಿ ವಾದಿಸಿದರು. ಪಾತ್ರೆಗೆ ಕೊಂಚ ಮಧುವನ್ನು ಹಾಕುವ ಅರ್ಥದ ವಾಕ್ಯವನ್ನು ಅವರು ಅಲ್ಲಿ ಕಂಡರು. ಮೈಸೂರಿನ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಈ ವಿಚಾರದಲ್ಲಿ ಶ್ರಮಿಸಿದರು. 1926ರಲ್ಲಿ ಬಾರ್ನೆಟ್ ಎಂಬ ವಿದ್ವಾಂಸರು ಈ ವಾದವನ್ನು ಒಪ್ಪಲಾರೆನೆಂದು ಆಕ್ಷೇಪಿಸಿದರು. ಆ ಭಾಷೆಯು ತುಳುವೆಂಬ ವಾದವೂ ಆಮೇಲೆ ಹುಟ್ಟಿದೆ. ಹಲ್ಮಿಡಿಯ ಶಾಸನವು ಐದನೆಯ ಶತಮಾನದ್ದು. ಪಪೈರಸ್ಸಾದರೋ ಅದಕ್ಕಿಂತ ಮುನ್ನೂರು ವರ್ಷ ಹಿಂದಿನದು. ಅಷ್ಟು ಪ್ರಾಚೀನವಾದ ಕನ್ನಡವನ್ನು ಹೋಲಿಸಿ ನೋಡಲು ಸಾಕಷ್ಟು ಸಾಮಗ್ರಿ ಇಲ್ಲ. ಅದೂ ಅಲ್ಲದೆ ಗ್ರೀಕ್ ಲಿಪಿಕಾರನು ತನಗೆ ತಿಳಿಯದ ಶಬ್ದಗಳನ್ನು ತನ್ನ ಅಕ್ಷರಗಳಲ್ಲಿ ಬರೆದಿರುವನು. ಪದವಿಭಾಗವನ್ನು ಓದುವವನೇ ಮಾಡಿಕೊಳ್ಳಬೇಕು. ಇಂತಹ ಕಡೆ ಹುಡುಕುವವನ ಇಷ್ಟವೇ ಪ್ರಮಾಣವಾಗುವ ಭಯವುಂಟು. ಆದುದರಿಂದ ಈ ವಾದವನ್ನು ಸಂಭಾವ್ಯಕೋಟಿಯಲ್ಲಿ ಇಡಬಹುದೇ ಹೊರತು ಸಿದ್ಧಾಂತಕೋಟಿಗೆ ಏರಿಸಲಾಗದು.

ಇದಕ್ಕಿಂತ ಹೆಚ್ಚಾಗಿ ಮನಸ್ಸಿಗೆ ತರಬೇಕಾದ ಸಂಗತಿಯೊಂದಿದೆ. ಕನ್ನಡವು ಎರಡನೆಯ ಶತಮಾನದಲ್ಲಿ ಈಜಿಪ್ಟಿನ ರಂಗದಲ್ಲಿ ಕೇಳಿಸಿತೆಂದು ಅಭಿಮಾನ ಪಡುವವರು, ಅದು ಅಲ್ಲಿ ಯಾವ ಪ್ರಯೋಜನಕ್ಕಾಗಿ ಕೇಳಿಸಿತೆಂಬುದನ್ನು ಮರೆಯುವರು. ಅದು ಕನ್ನಡವೇ ಆಗಿದ್ದ ಪಕ್ಷದಲ್ಲಿ, ಸಭೆಯು ಅದನ್ನು ಕೇಳಿ ನಗಲೆಂದೇ ಅಲ್ಲಿ ಇಡಲ್ಪಟ್ಟಿತು. ಮದ್ಯದ ಅಳತೆಯನ್ನರಿಯದೆ ಕುಡಿದು ಕುಣಿಯುವ ದೊರೆಯ ಬಾಯಿಯ ಗದ್ದಲವಾಗಿಯೇ ಆ ನುಡಿಯು ಗ್ರೀಕರಿಗೆ ಒದಗಿತು. ಶೂದ್ರಕನಲ್ಲಿ ನಗೆಯ ಮರೆಯಲ್ಲಿ ಧರ್ಮವಿದ್ದಿತು. ಇಲ್ಲಿ ನಗೆಯ ಮರೆಯಲ್ಲಿ ಇರುವುದು ಮೋಸ ಮಾತ್ರ.

೬. ಕನ್ನಡದ ಅನುಸರಣಗಳು

ಕನ್ನಡದ ಕವಿಗಳು ಬಹುಮಟ್ಟಿಗೆ ಏಕಭಾಷಾಸಮಯವನ್ನೇ ಹಿಡಿದರು. ಕನ್ನಡಗಳು ಹಲವೆಂಬ ಅರಿವು ಅವರಿಗಿರಲಿಲ್ಲವೆಂದಲ್ಲ. ದೇಶಭೇದದಿಂದ ಕನ್ನಡಗಳು ಎಷ್ಟೋ ಬಗೆಯಾಗಿರಲು ವಾಸುಕಿಯೂ ಅವುಗಳ ದೋಷಗಳನ್ನು ಎಣಿಸಲಾರದೆ ಬೇಸರುವನೆಂಬ ಅಭಿಪ್ರಾಯವು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಇದೆ. ಭಾಷೆಗಳನ್ನು ಅರಿಯದೆ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂಬ ಎಚ್ಚರಿಕೆಯೂ ಅಲ್ಲಿದೆ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಸಿಂಗರಾರ್ಯನು ಶ್ರೀಹರ್ಷನ ರತ್ನಾವಳಿಯನ್ನು ಅನುಸರಿಸಿ, ಪಾತ್ರಗಳನ್ನು ಬದಲಾಯಿಸಿ, ಮಿತ್ರವಿಂದಾಗೋವಿಂದವನ್ನು ರಚಿಸಿದನು. ರತ್ನಾವಳಿಯಲ್ಲಿ ರಾಜನು ಸಂಸ್ಕೃತವನ್ನೂ, ರಾಣಿ, ಸಖಿಯರು, ವಿದೂಷಕನು ಪ್ರಾಕೃತವನ್ನೂ ಆಡುವರು. ಕನ್ನಡಕ್ಕೆ ಬಂದೊಡನೆ ಅವರೆಲ್ಲರೂ ಕನ್ನಡಿಗರಾದರು. ಶಾಕುಂತಲದ ವಿಷಯದಲ್ಲಿ ಎರಡು ದಾರಿಗಳು ತೋರುತ್ತವೆ. ಆರನೆಯ ಅಂಕದಲ್ಲಿ ಉಂಗುರವನ್ನು ಹೊತ್ತು ಬಂದ ಬೆಸ್ತನು ಮೂಲದಲ್ಲಿ ಮಾಗಧಿಯನ್ನಾಡುವನು. 1870ರಲ್ಲಿ ಪ್ರಕಟವಾದ ಚುರಮರಿ ಶೇಷಗಿರಿರಾಯರ ಕನ್ನಡ ಶಾಕುಂತಲದಲ್ಲಿ ಧಾರವಾಡದ ಕಡೆಯ ಆಡುನುಡಿಯು ಪಾತ್ರಗಳ ಬಾಯಿಗೆ ಬಂದಿತು. ಅಭಿನವಕಾಳಿದಾಸರೆನಿಸಿದ ಬಸವಪ್ಪಶಾಸ್ತ್ರಿಗಳ ಶಾಕುಂತಲವು ಪ್ರೌಢಶೈಲಿಯ ಮಾರ್ಗವನ್ನು ಹಿಡಿಯಿತು. ಇನ್ನು ಬಿ. ಎಂ. ಶ್ರೀಕಂಠಯ್ಯನವರ ಪಾರಸಿಕರು (1935) ಎಂಬ ನಾಟಕದಲ್ಲಿ ಈ ಸಮಯವು ಇಮ್ಮಡಿಯಾಗಿದೆ. ಕ್ರಿ. ಪೂ. 472ರಲ್ಲಿ ಈಸ್ಕಿಲಸನು ಪಾರಸಿಕರ ಬಾಯಲ್ಲಿ ಅವರನ್ನು ಗೆದ್ದ ಗ್ರೀಕರ ಭಾಷೆಯನ್ನೇ ಇಟ್ಟು, ಗೆದ್ದವರ ಸಭೆಯಲ್ಲಿಯೇ ಸೋತವರ ಶೋಕವನ್ನು ಕೇಳಿಸಿದನು. ಆ ಶೋಕವೇ ಮತ್ತೆ ಕನ್ನಡವಾಯಿತು. ಗಿರೀಶ ಕಾರ್ನಾಡರ ತುಘಲಕ್ (1964) ನಾಟಕದಲ್ಲಿಯೂ ದೆಹಲಿಯ ಸುಲ್ತಾನನು ಕನ್ನಡವನ್ನಾಡುವನು. ಆತನ ಭಾಷೆ ಯಾವುದೆಂದು ಕೇಳುವ ಗೊಡವೆಗೆ ನೋಡುವವರು ಹೋಗುವುದಿಲ್ಲ.

೭. ಆಕ್ಷೇಪ ಮತ್ತು ಸಮಾಧಾನ

ಇಲ್ಲಿ ಒಂದು ಆಕ್ಷೇಪವು ಬರಬಹುದು. ಎಲ್ಲರ ಬಾಯಲ್ಲಿಯೂ ಒಂದೇ ಕನ್ನಡವನ್ನಿಟ್ಟರೆ ಪಾತ್ರವೈಚಿತ್ರ್ಯವು ಅಳಿಯುವುದಿಲ್ಲವೇ? ಸಂಸ್ಕೃತನಾಟಕದ ಭಾಷಾವೈವಿಧ್ಯವು ಲೋಕವನ್ನು ಇದ್ದಂತೆ ತೋರಿಸುತ್ತಿತ್ತು. ಕನ್ನಡದ ಸಮಯವು ಅದನ್ನು ಒರಸಿಹಾಕಿತು ಎಂದು.

ಈ ಆಕ್ಷೇಪದಲ್ಲಿ ಅರ್ಧಸತ್ಯವಿದೆ. ಸಂಸ್ಕೃತನಾಟಕದ ಭಾಷಾವಿಭಾಗವು ದೇಶಭೇದವನ್ನು ಮಾತ್ರವಲ್ಲದೆ ಪದವಿಭೇದವನ್ನೂ ತೋರಿಸುತ್ತಿತ್ತು. ಶಕುಂತಲೆಯು ಪ್ರಾಕೃತವನ್ನಾಡುವುದು ಆಕೆಯು ಬೇರೆ ದೇಶದವಳೆಂದಲ್ಲ, ಸ್ತ್ರೀಯೆಂದು. ರಾಜಸಭೆಯಲ್ಲಿ ತನ್ನನ್ನು ನಿರಾಕರಿಸಿದ ದುಷ್ಯಂತನಿಗೆ ಆಕೆ ಕನ್ನಡದಲ್ಲಿ ಉತ್ತರ ಕೊಡುವಾಗ ಇಬ್ಬರ ಮಾತೂ ಒಂದೇ ತಕ್ಕಡಿಯಲ್ಲಿ ತೂಗುವುವು. ಇದು ನಷ್ಟವಲ್ಲ, ಲಾಭ. ನಷ್ಟವಾದುದು ಬೆಸ್ತನ ಊರಿನ ಮಣ್ಣಿನ ವಾಸನೆ. ಅದನ್ನು ತುಂಬಿಕೊಡಲು ಆಡುನುಡಿಯು ಸಾಕು. ಆದರೆ ಆಡುನುಡಿಯನ್ನು ಬೆಸ್ತನೊಬ್ಬನಿಗೇ ಕೊಟ್ಟು ಅವನನ್ನು ನಗೆಗೀಡು ಮಾಡಿದರೆ, ಹಳೆಯ ಪದವಿಭೇದವೇ ಹೊಸ ವೇಷದಲ್ಲಿ ಬಂದಂತಾಗುವುದು.

ಆದುದರಿಂದ ನಿಷ್ಕರ್ಷವಿಷ್ಟು. ಪಾತ್ರಗಳು ಪರಸ್ಪರ ಅರಿಯುವುದರಿಂದ ಕಥೆಗೆ ಕುಂದಿಲ್ಲದ ಕಡೆ ಭರತನ ಸಮಯವೇ ಸಾಕು. ಸಭೆಯ ಭಾಷೆಯಲ್ಲಿಯೇ ಎಲ್ಲರೂ ಆಡಲಿ. ಅರಿಯದಿರುವುದೇ ಕಥೆಯ ಕೀಲಾದ ಕಡೆ ವ್ಯಾಸರ ಕುಂತಿಯಂತೆ ಅರಿಯದವರ ಪ್ರಶ್ನೆಯನ್ನು ಇಡಲಿ. ಅಸಂಭಾವ್ಯವೆಂದು ತೋರುವಲ್ಲಿ ಭಾರವಿಯ ಅರ್ಜುನನಂತೆ ಪಾತ್ರವೇ ಬೆರಗಾಗಲಿ. ಅನ್ಯಭಾಷೆಯ ಶಬ್ದವನ್ನೇ ತರಬೇಕಾದರೆ, ಅದು ಗದ್ದಲವಾಗಿ ಅಲ್ಲ, ಅರ್ಥವುಳ್ಳ ಮಾತಾಗಿ, ಅದನ್ನಾಡುವವನು ಕೇಳಿದರೂ ತಲೆತಗ್ಗಿಸದಂತೆ ಬರಲಿ.

ಬೆಂಗಳೂರಿನ ಪಶ್ಚಿಮಭಾಗದ ಹೊಸಹಳ್ಳಿ, ವಿಜಯನಗರ, ಮಾಗಡಿ ರಸ್ತೆಗಳಂತಹ ಎಡೆಗಳಲ್ಲಿ ಕನ್ನಡದೊಡನೆ ತೆಲುಗು, ತಮಿಳು, ಉರ್ದುಗಳು ಒಂದೇ ಅಂಗಡಿಯ ಮುಂದೆ ಕೇಳಿಬರುವುವು. ಅಲ್ಲಿ ಕುಳಿತು ಹಳೆಯ ಕಥೆಯೊಂದನ್ನು ಮರಳಿ ಬರೆಯುವ ಲೇಖಕನಿಗೆ ನೆರೆಯವನ ತೊದಲುಗನ್ನಡವನ್ನು ಹಾಸ್ಯಕ್ಕೆ ಎಳೆಯುವುದು ಬಹು ಸುಲಭ. ಹಾಗೆ ಎಳೆಯುವ ಮುನ್ನ ಅವನು ಈಜಿಪ್ಟಿನ ಆ ಹರಕುಪತ್ರವನ್ನು ನೆನೆಯುವುದು ಒಳ್ಳೆಯದು. ಅಲ್ಲಿ ನಗೆಗೆ ಈಡಾದ ನುಡಿಯಲ್ಲಿ ತಮ್ಮ ಪೂರ್ವಿಕರ ಮಾತನ್ನು ಗುರುತಿಸಲು ಪಂಡಿತರು ಒಂದು ಶತಮಾನಕ್ಕೂ ಮೀರಿ ಅಕ್ಷರ ಅಕ್ಷರವನ್ನೂ ಬಿಡಿಸಿ ನೋಡುತ್ತ ಬಂದಿದ್ದಾರೆ. ಒಬ್ಬರಿಗೆ ಗದ್ದಲವಾಗಿ ಕೇಳಿಸಿದುದು ಮತ್ತೊಬ್ಬರ ತಾಯ್ನುಡಿ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ.